ಸಾಯದ ಇಪ್ಪತ್ತು ಕುರಿ

ಶಿಕಾರಿಪುರದ ಪಾಲಕರ ಕಚೇರಿಗೆ ಮಾರ್ಚ್ ತಿಂಗಳು ಬಂತೆಂದರೆ ಮದುವೆ ಮನೆಯ ಗಡಿಬಿಡಿ. ವರ್ಷವಿಡೀ ತೂಕಡಿಸುವ ಕಚೇರಿ ಆ ಒಂದು ತಿಂಗಳು ಎದ್ದು ಕೂತು ವಾರ್ಷಿಕ ವರದಿ ಬರೆಯುತ್ತದೆ. ತಮ್ಮ ಆಸ್ತಿಯನ್ನು ತಾವೇ ನೋಡಿಕೊಳ್ಳಲಾಗದವರ ಆಸ್ತಿಯನ್ನು ನೋಡಿಕೊಳ್ಳುವುದು ಇದರ ಕೆಲಸ. ತಂದೆತಾಯಿ ಇಲ್ಲದ ಮಕ್ಕಳ ಹೆಸರಿನ ಠೇವಣಿ, ಬುದ್ಧಿ ಸ್ವಾಧೀನದಲ್ಲಿಲ್ಲದವರ ಹೊಲದ ಗುತ್ತಿಗೆ, ಊರು ಬಿಟ್ಟು ಹೋಗಿ ಮರಳದವರ ಅಂಗಡಿಯ ಬಾಡಿಗೆ, ಹೀಗೆ ಒಂದೊಂದಕ್ಕೂ ಇಲ್ಲಿ ಒಂದೊಂದು ಬಾಬ್ತು. ಈ ವರ್ಷ ಎಷ್ಟು ಬಾಬ್ತು ಹೊಸದಾಗಿ ಬಂದವು, ಎಷ್ಟು ಮುಗಿದವು, ಬಡ್ಡಿ ಎಷ್ಟು ಹುಟ್ಟಿತು, ಕಚೇರಿ ತನ್ನ ಶುಲ್ಕದಲ್ಲಿ ತನ್ನ ಹೊಟ್ಟೆ ತಾನೇ ಹೊರೆದುಕೊಂಡಿತೋ ಇಲ್ಲವೋ, ಇಷ್ಟನ್ನು ಬರೆದು ಮೇಲಿನವರಿಗೆ ಕಳಿಸಿದರೆ ಮತ್ತೆ ಮುಂದಿನ ಮಾರ್ಚ್ ತನಕ ನೆಮ್ಮದಿ.

ಲೆಕ್ಕ ಸಹಾಯಕಿ ದೀಪಶ್ರೀಗೆ ಇದು ಮೊದಲ ಮಾರ್ಚ್. ಪೇಟೆಯಲ್ಲಿ ಅಜ್ಜನ ಕಾಲದಿಂದ ಕಿರಾಣಿ ಅಂಗಡಿ ನಡೆಸಿಕೊಂಡು ಬಂದ ಮನೆಯ ಹುಡುಗಿ. ಲೆಕ್ಕ ಅವಳಿಗೆ ಕಷ್ಟವಲ್ಲ. ಕಷ್ಟವೆಂದರೆ ಸುಮ್ಮನಿರುವುದು. ಯಾವುದನ್ನು ಕಂಡರೂ ಇದು ಯಾಕೆ ಹೀಗೆ ಎಂದು ಕೇಳುವ ಚಾಳಿ ಹುಟ್ಟಿನಿಂದ ಬಂದದ್ದು. "ಸುಮ್ನಿರಲಾರದೆ ಇರುವೆ ಬಿಟ್ಕೊಳ್ಳೋಳು ನೀನು" ಎಂದು ತಾಯಿ ರಾಜೇಶ್ವರಮ್ಮ ಬೈದು ಬೈದು ಸೋತಿದ್ದರು. ಸರ್ಕಾರ ಅಂಥವಳನ್ನೇ ಹುಡುಕಿ ತಂದು ಈ ಕಚೇರಿಯಲ್ಲಿ ಕೂರಿಸಿತ್ತು.

ಕಚೇರಿಯ ಮುಖ್ಯಸ್ಥರಾದ ಸಿದ್ಧಲಿಂಗೇಶ್ ಕುರ್ಚಿಗೆ ಒರಗಿ, ಬಾಯಲ್ಲಿ ಅಡಿಕೆ ಚೂರು ಆಡಿಸುತ್ತಾ ಹಳೆಯ ವರದಿ ನೋಡಿ ಹೇಳುತ್ತಿದ್ದರು. ದೀಪಶ್ರೀ ಕಂಪ್ಯೂಟರಿಗೆ ಏರಿಸುತ್ತಿದ್ದಳು.

"ಮುಂದಿಂದು ಬರಕೋ. ಕುರಿ, ಇಪ್ಪತ್ತು. ಕಳೆದ ವರ್ಷದಂತೆ."

ದೀಪಶ್ರೀಯ ಬೆರಳು ನಿಂತಿತು. "ಕುರೀನಾ ಸರ್?"

"ಕುರಿನೇ. ಯಾಕೆ, ಕುರಿ ಆಸ್ತಿ ಅಲ್ಲೇನು?"

"ಆಸ್ತಿನೇ ಸರ್. ಆದ್ರೆ ಹೋದ ವರ್ಷವೂ ಇಪ್ಪತ್ತು, ಅದರ ಹಿಂದಿನ ವರ್ಷವೂ ಇಪ್ಪತ್ತು. ನಾನು ಹುಟ್ಟೋಕೆ ಮುಂಚಿನ ವರದಿಲೂ ಇಪ್ಪತ್ತೇ ಇದೆ. ಕುರಿ ಸಾಯಲ್ವಾ? ಮರಿ ಹಾಕಲ್ವಾ?"

ಸಿದ್ಧಲಿಂಗೇಶ್ ನಕ್ಕರು. "ಇವು ಸಾಯದ ಕುರಿ ಕಣಮ್ಮ. ನಿನ್ನಂಗೇ ನಾನೂ ಬಂದ ಹೊಸ್ತರಲ್ಲಿ ಕೇಳಿದ್ದೆ. ಆಗಿದ್ದ ಸಾಹೇಬ್ರು ಹೇಳಿದ್ರು, ಕಳೆದ ವರ್ಷದಂತೆ ಅಂತ ಬರಿ, ಕುರಿಗೆ ಕಾಲು ಬಂದು ನಿನ್ನ ಮೇಜಿಗೆ ಬರಲ್ಲ ಅಂತ."

ಆಮೇಲೆ ಅವರೇ ವಿವರಿಸಿದರು. ಸೊರಬದ ಕಡೆ ಕ್ಯಾಸನೂರಿನ ಪಕ್ಕದ ಒಂದು ಹಳ್ಳಿಯಲ್ಲಿ ಉಜ್ಜಪ್ಪ ಎಂಬ ಕುರಿಗಾರನೂ ಅವನ ಬಾಣಂತಿ ಹೆಂಡತಿಯೂ ಮಂಗನ ಕಾಯಿಲೆಯಲ್ಲಿ ಒಂದೇ ವಾರದಲ್ಲಿ ತೀರಿಕೊಂಡರು. ಉಳಿದದ್ದು ಹೆಸರೂ ಇಡದ ಒಂದು ಹೆಣ್ಣು ಕೂಸು, ಇಪ್ಪತ್ತು ಕುರಿ. ಕೂಸು ವಯಸ್ಸಿಗೆ ಬರುವ ತನಕ ಕುರಿ ಕಚೇರಿಯ ಪಾಲನೆಗೆ ಬಂತು. ಕಚೇರಿಗೇನು ಕುರಿ ಮೇಯಿಸಲು ಬರುತ್ತದೆಯೇ? ಉಡುತಡಿ ಕಡೆಯ ಒಂದು ಮನೆಗೆ ಒಪ್ಪಿಸಿ ಕರಾರು ಮಾಡಿದರು. ಹುಟ್ಟಿದ ಮರಿ ಸಾಕಿದವರಿಗೆ. ಸತ್ತ ಕುರಿಯ ಜಾಗ ತುಂಬಿಸಿಕೊಡುವುದೂ ಸಾಕಿದವರೇ. ಕೇಳಿದ ದಿನ ಇಪ್ಪತ್ತು ಕುರಿ ಎದುರಿಗೆ ನಿಲ್ಲಬೇಕು.

"ಕೂಸನ್ನೂ ಅದೇ ಮನೇಲಿ ಬಿಟ್ರಾ ಸರ್?"

"ಛೆ! ಅದೇ ಬಿಡಬಾರದು. ಕೂಸು ಒಂದು ಮನೆ, ಕುರಿ ಒಂದು ಮನೆ. ಹಿಂದಿನೋರು ಮಾಡಿದ ಕಟ್ಟಲೆ ಅದು. ಕುರಿ ಮೇಲೆ ಆಸೆ ಬಿದ್ದೋನ ಕೈಲಿ ಕೂಸು ಕೊಡಬಾರದು, ಕುರಿ ಕಾಯೋಕೆ ತೋಳನ್ನ ಇಟ್ಟಂಗೆ ಆಗ್ತದೆ. ಕೂಸು ಯಾರ ಮನೆಗೆ ಹೋಯ್ತೋ ಅದು ನಮ್ಮ ಕಡತದಲ್ಲಿಲ್ಲ. ನಮಗೆ ಸೇರಿದ್ದು ಕುರಿ ಮಾತ್ರ. ಕೂಸಿಗೆ ಹದಿನೆಂಟು ತುಂಬಿದಾಗ ಊರಿಗೆ ಕಾಗದ ಹೋಗಿತ್ತಂತೆ. ಯಾರೂ ಬರಲಿಲ್ಲ."

ಅಷ್ಟಕ್ಕೇ ಮುಗಿದಿದ್ದರೆ ದೀಪಶ್ರೀ ಇನ್ನೆರಡು ಪ್ರಶ್ನೆ ಕೇಳಿ ಮನೆಗೆ ಹೋಗುತ್ತಿದ್ದಳು. ಆದರೆ ಆ ವರ್ಷ ಮೇಲಿನಿಂದ ಒಂದು ಸುತ್ತೋಲೆ ಬಂದಿತ್ತು. ವಾರಸುದಾರರು ಬಾರದೆ ಮೂವತ್ತು ವರ್ಷ ಮೀರಿದ ಎಲ್ಲ ಬಾಬ್ತುಗಳನ್ನೂ ಈ ಮಾರ್ಚ್ ಒಳಗೆ ಹರಾಜು ಹಾಕಿ, ಹಣವನ್ನು ಸರ್ಕಾರಕ್ಕೆ ಜಮಾ ಮಾಡಿ, ವರದಿಯಿಂದ ತೆಗೆಯತಕ್ಕದ್ದು. ಸಿದ್ಧಲಿಂಗೇಶ್ ತಿಂಗಳ ಕೊನೆಯ ಬುಧವಾರಕ್ಕೆ ಹರಾಜು ಗೊತ್ತು ಮಾಡಿದ್ದರು. ಅದಕ್ಕೆ ಮೊದಲು ಯಾರಾದರೂ ಹೋಗಿ ಕುರಿಗಳನ್ನು ಕಣ್ಣಾರೆ ನೋಡಿ ಬರಬೇಕಿತ್ತು. ದೀಪಶ್ರೀ ಕೈ ಎತ್ತಿದಳು. ಬೇರೆ ಯಾರೂ ಎತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಮಾರನೆಯ ದಿನ ಸ್ಕೂಟರ್ ಏರಿ ಉಡುತಡಿ ದಾಟಿ ಆ ಹಳ್ಳಿಗೆ ಹೋದಾಗ ಬಿಸಿಲು ನೆತ್ತಿಗೇರುತ್ತಿತ್ತು. ಕರಾರು ಮಾಡಿದ್ದ ಹಿರಿಯಳು ಸತ್ತು ಬಹಳ ವರ್ಷವಾಗಿ, ಈಗ ಮನೆ ಅವಳ ಮಗ ಮಾರಪ್ಪ ಮತ್ತು ಸೊಸೆ ನಿಂಗಮ್ಮನದು. ಮಾರಪ್ಪ ಅಂಗಳದ ಹುಣಸೆ ಮರದ ಕೆಳಗೆ, ಗಾಲಿ ಮಾತ್ರ ಇದ್ದ ಒಂದು ಟ್ರ್ಯಾಕ್ಟರ್ ಪಕ್ಕ ಕೂತಿದ್ದ. ತನ್ನ ಪಾಲಿನ ಕುರಿ ಹಿಂಡನ್ನೆಲ್ಲ ಮಾರಿ ತಂದ ಟ್ರ್ಯಾಕ್ಟರ್ ಅದು. ಎಂಜಿನ್ ರಿಪೇರಿಗೆಂದು ಶಿರಾಳಕೊಪ್ಪಕ್ಕೆ ಹೋಗಿ ವರ್ಷವಾಗಿತ್ತಂತೆ.

"ಕುರಿ ನೋಡಾಕ ಬಂದೀರೇನ್ರಿ? ಹೊಲದಾಗ ಅದಾವ. ನನ್ನ ಕೇಳಬ್ಯಾಡ್ರಿ, ಅವನ್ನ ಮುಟ್ಟಾಕೂ ಬಿಡಂಗಿಲ್ಲ ಆಕಿ" ಎಂದು ಮಾರಪ್ಪ ಕೈ ತೋರಿಸಿದ.

ಮೆಕ್ಕೆಜೋಳ ಕೊಯ್ದ ಹೊಲದಲ್ಲಿ ಕುರಿಗಳು ತಲೆ ತಗ್ಗಿಸಿ ಮೇಯುತ್ತಿದ್ದವು. ನಿಂಗಮ್ಮ ಬದುವಿನ ಮೇಲೆ ನಿಂತಿದ್ದಳು. ಐವತ್ತರ ಆಸುಪಾಸಿನ, ಬಿಸಿಲಿಗೆ ಬಲಿತ ಗಟ್ಟಿ ಹೆಂಗಸು. ದೀಪಶ್ರೀ ಬಂದ ಕೆಲಸ ಹೇಳಿ, ಬೆರಳು ಚಾಚಿ ಒಂದು, ಎರಡು ಎಂದು ಶುರುಮಾಡಿದ್ದೇ ತಡ, ನಿಂಗಮ್ಮ ಓಡಿಬಂದು ಆ ಬೆರಳನ್ನೇ ಹಿಡಿದುಕೊಂಡಳು.

"ಬೆರಳು ಮಾಡಿ ಎಣಿಸಬ್ಯಾಡ್ರಿ ಮೇಡಮ್ಮೋರೆ! ದಿಟ್ಟಿ ಆಗ್ತೈತಿ. ಕಿವಿ ನೋಡ್ರಿ ಸಾಕು."

ಪ್ರತಿ ಕುರಿಯ ಎಡಗಿವಿಯ ತುದಿಯಲ್ಲೂ ಒಂದು ಕಚ್ಚು ಇತ್ತು. ಅದು ಕೂಸಿನ ಅಪ್ಪನ ಮನೆಯ ಗುರುತು. ಕುರಿ ಸತ್ತು ಹೊಸದು ಬಂದರೆ ಅದಕ್ಕೂ ಅದೇ ಕಚ್ಚು ಹಾಕಬೇಕು ಎಂದು ಅತ್ತೆ ಕಲಿಸಿಕೊಟ್ಟಿದ್ದಳಂತೆ. ದೀಪಶ್ರೀ ಬೆರಳನ್ನು ಬಿಡಿಸಿಕೊಂಡು, ಕಣ್ಣಲ್ಲೇ ಎಣಿಸಿದಳು. ಇಪ್ಪತ್ತೇ ಇದ್ದವು.

"ಇವು ಸಾಯಲ್ವಾ ನಿಂಗಮ್ಮ?"

"ಸಾಯ್ದೆ ಏನ್ರೀ! ಆದ್ರೆ ಸತ್ತದ್ದು ನಮ್ದು, ಉಳಿದದ್ದು ಕೂಸಿಂದು. ಅತ್ತಿ ಹಂಗೇ ಹೇಳಿದ್ದು. ನೀಲಿನಾಲಿಗೆ ಬ್ಯಾನೆ ಬಂತಲ್ರೀ, ಆ ವರ್ಷ ಅರ್ಧಕ್ಕರ್ಧ ಮಲಗಿಬಿಟ್ವು. ಮರಿನೂ ಉಳೀಲಿಲ್ಲ. ಶುಂಠಿ ಕೀಳಾಕ ಕೂಲಿ ಹೋಗಿ, ಒಂದೊಂದೇ ತಂದು ತುಂಬಿಸಿದೆ."

"ಯಾರೂ ಕೇಳೋಕೆ ಬಂದಿರಲಿಲ್ಲ. ತುಂಬಿಸದೇ ಇದ್ದಿದ್ರೆ ಏನಾಗ್ತಿತ್ತು?"

ನಿಂಗಮ್ಮ ಇವಳಿಗೇನು ತಲೆ ನೆಟ್ಟಗಿಲ್ಲವೇ ಎಂಬಂತೆ ನೋಡಿದಳು. "ಆ ಕೂಸು ಬಂದು ಕೇಳಿದ್ರೆ ನಾ ಏನು ಹೇಳಲಿ?"

ಮನೆಗೆ ಕರೆದೊಯ್ದು ಮಜ್ಜಿಗೆ ಕೊಟ್ಟ ಮೇಲೆ ಅವಳು ಪೆಟ್ಟಿಗೆ ತೆಗೆದು ಒಂದು ಕರಿ ಕಂಬಳಿ ತೋರಿಸಿದಳು. ಮಡಿಕೆಗಳ ನಡುವೆ ಬೇವಿನ ಸೊಪ್ಪು. ಮದುವೆಯಾಗಿ ಬಂದ ವರ್ಷ ಇದೇ ಕುರಿಗಳ ಉಣ್ಣೆಯಲ್ಲಿ ಅತ್ತೆ ನೇಯಿಸಿಟ್ಟದ್ದು. ಕೂಸು ಬಂದ ದಿನ ಇದರ ಮೇಲೆ ಕೂರಿಸಿ, ಕುರಿ ಒಪ್ಪಿಸಿ ಕಳಿಸಬೇಕು ಎಂದು ಅತ್ತೆಯ ಮಾತು. ಸಾಯುವಾಗ ಅತ್ತೆಗೆ ಲಕ್ವಾ ಹೊಡೆದು ಮಾತು ನಿಂತಿತ್ತು. ಆಗಲೂ ಬೆರಳಲ್ಲಿ ಪೆಟ್ಟಿಗೆಯನ್ನೇ ತೋರಿಸಿದ್ದಳು. ನಿಂಗಮ್ಮ ಮೂವತ್ತು ವರ್ಷದಿಂದ ಆ ಕೂಸಿನ ಬಗ್ಗೆ ಯೋಚಿಸಿದ್ದಾಳೆ. ಕೆಂಪಗಿತ್ತೋ ಕಪ್ಪಗಿತ್ತೋ, ಯಾರ ಮನೆಯಲ್ಲಿ ಬೆಳೆಯಿತೋ, ಹಬ್ಬಕ್ಕೆ ತಲೆಗೆ ಎಣ್ಣೆ ಹಚ್ಚುವವರಾದರೂ ಇದ್ದರೋ ಇಲ್ಲವೋ. ತನ್ನ ಮಗಳಿಗೆ ಹೊಸ ಬಟ್ಟೆ ತಂದಾಗಲೆಲ್ಲ ಆ ಪರದೇಸಿ ಕೂಸಿನ ನೆನಪು ಬಂದು ಅರ್ಧ ಖುಷಿ ಇಳಿದುಹೋಗುತ್ತಿತ್ತಂತೆ. ಇಷ್ಟು ಹೇಳಿ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹರಾಜಿನ ವಿಷಯ ಹೇಳಲು ದೀಪಶ್ರೀಗೆ ನಾಲಿಗೆ ಏಳಲಿಲ್ಲ. ಆದರೂ ಹೇಳಿದಳು.

"ಅದು ಹೆಂಗ್ರೀ ಆಗ್ತೈತಿ? ಕೂಸಿನ ಕುರಿ ಸರ್ಕಾರ ಹೆಂಗ್ ಮಾರ್ತೈತಿ? ಆ ಕೂಸಿನ್ನ ಹುಡುಕಿ ತರ್ರಿ. ಆಕಿ ಕೈಗೆ ಕೊಟ್ಟು ನಾ ಕೈ ತೊಳಕಂತೀನಿ. ಕಟುಕರ ಕೈಗೆ ಹೋಗಾಕ ಇಷ್ಟು ವರ್ಷ ಸಾಕಿದ್ನಾ ನಾನು?"

"ಹುಡುಕೋಕೆ ನನ್ನ ಹತ್ರ ಒಂದೇ ಹೆಸರಿದೆ ನಿಂಗಮ್ಮ. ಕೂಸಿನ ಅಪ್ಪ ಉಜ್ಜಪ್ಪ ಅಂತ. ಕ್ಯಾಸನೂರಿನ ಪಕ್ಕದವರು."

ನಿಂಗಮ್ಮನ ಕೈಯಲ್ಲಿದ್ದ ಕಂಬಳಿ ಜಾರಿತು. "ಯಾವ ಉಜ್ಜಪ್ಪ? ಮಂಗನ ಕಾಯಿಲೆಲಿ ಸತ್ತ ಉಜ್ಜಪ್ಪನಾ? ನನ್ನ ತವರೂರು ಅದೇ. ಉಜ್ಜಪ್ಪ ನನ್ನ ಚಿಕ್ಕಪ್ಪ ಆಗ್ಬೇಕು. ಅವನಿಗೆ ಮಕ್ಕಳೇ ಇರ್ಲಿಲ್ಲ ಅಂತಿದ್ದ ನಮ್ಮಪ್ಪ!" ಅವಳ ಮುಖ ನೋಡನೋಡುತ್ತಾ ಅರಳಿತು. "ಹಂಗಾದ್ರೆ ನಂಗೊಬ್ಬಳು ತಂಗಿ ಅದಾಳಾ? ಮೂರು ಜನ ಗಂಡು ಹುಡುಗರ ಮಧ್ಯೆ ಒಬ್ಬಳೇ ಬೆಳೆದೋಳು ನಾನು. ತಂಗಿ ಬೇಕು ಅಂತ ಎಷ್ಟು ಅತ್ತೀನಿ ಗೊತ್ತೇನ್ರಿ!"

ಅಲ್ಲೇ ನಿಂತು ಫೋನ್ ಹಚ್ಚಿದಳು. ಅಪ್ಪ ಭೀಮಣ್ಣ, ಉಜ್ಜಪ್ಪನ ಅಣ್ಣ, ಎಂಬತ್ತರ ಹತ್ತಿರದ ಮುದುಕ. ಈಗಲೂ ಆ ಊರಲ್ಲೇ ಗಂಡುಮಕ್ಕಳೊಂದಿಗೆ ಇದ್ದಾನೆ. ಉಜ್ಜಪ್ಪನ ಕೂಸು ಎಲ್ಲಿ ಎಂದು ನಿಂಗಮ್ಮ ಕೇಳಿದ್ದಷ್ಟೇ. "ಸತ್ತೋರ ಸುದ್ದಿ ನಿಂಗ್ಯಾಕೆ?" ಎಂದು ಕೂಗಿದ್ದು ದೀಪಶ್ರೀಗೂ ಕೇಳಿಸಿತು. ಫೋನು ಕಡಿಯಿತು.

"ಅಪ್ಪ ನನ್ನ ಮ್ಯಾಲೆ ಒಂದಿನ ದನಿ ಏರಿಸಿದೋನಲ್ಲ" ಎಂದು ನಿಂಗಮ್ಮ ಫೋನನ್ನೇ ನೋಡುತ್ತಾ ನಿಂತಳು. ಆಮೇಲೆ ದೀಪಶ್ರೀಯ ಕೈ ಹಿಡಿದಳು. "ನೀವು ಹೋಗಿ ಕೇಳ್ರಿ. ಸರ್ಕಾರದೋರು ಅಂದ್ರೆ ಹೇಳ್ತಾನೆ. ನನ್ನ ತಂಗಿನ್ನ ಹುಡುಕಿ ಕೊಡ್ರಿ."

ಅವಳು ಹೇಳದಿದ್ದರೂ ದೀಪಶ್ರೀ ಹೋಗುತ್ತಿದ್ದಳು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಮಕ್ಕಳೇ ಇಲ್ಲದವನಿಗೆ ಕೂಸು ಹೇಗೆ ಬಂತು, ಒಡಹುಟ್ಟಿದ ತಮ್ಮನ ಕೂಸನ್ನು ಅಣ್ಣ ಯಾಕೆ ಇಲ್ಲವೆಂದ, ಎಂಬ ಪ್ರಶ್ನೆಗಳು ರಾತ್ರಿ ಊಟದ ತಟ್ಟೆಯ ಮುಂದೆಯೂ ಅವಳನ್ನು ಬಿಡಲಿಲ್ಲ.

ಸೊರಬದ ಬಸ್ಸಿಳಿದು, ಆಟೋ ಹಿಡಿದು ಭೀಮಣ್ಣನ ಮನೆ ಸೇರಿದಾಗ ಮುದುಕ ಜಗುಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಪರಿಚಯವಿಲ್ಲದವಳಾದರೂ "ಬನ್ನಿ, ಮೇಲೆ ಬನ್ನಿ, ಬಿಸಿಲಲ್ಲಿ ಬಂದೀರಿ" ಎಂದು ಬೆಲ್ಲ, ನೀರು ತರಿಸಿಕೊಟ್ಟ. ಎಲ್ಲಿಂದ ಬಂದದ್ದು ಎಂದು ತಿಳಿಯುತ್ತಲೇ ಮುಖ ಹಗ್ಗದ ಕಡೆ ತಿರುಗಿತು.

"ಉಜ್ಜನ ಕೂಸಾ? ಅದು ಅವಾಗ್ಲೇ ಸತ್ತೋಯ್ತು."

"ಯಾವಾಗ ಅಜ್ಜ?"

"ಅವಾಗ್ಲೇ ಅಂದೆನಲ್ಲ. ಅವ್ವನ ಹಿಂದೇನೇ ಹೋಯ್ತು. ನಿಮ್ಮ ಕುರಿ ನೀವು ಏನಾದ್ರೂ ಮಾಡ್ಕಳಿ."

ದೀಪಶ್ರೀ ಚೀಲದಿಂದ ಒಂದು ಬಿಳಿ ಹಾಳೆ ತೆಗೆದಳು. "ಹಂಗಾದ್ರೆ ಸುಲಭ ಆಯ್ತು ಅಜ್ಜ. ಕೂಸು ಸತ್ತಿದ್ರೆ ಹರಾಜು ಬೇಡವೇ ಬೇಡ. ಹತ್ತಿರದ ರಕ್ತಸಂಬಂಧಿ ನೀವು, ಕುರಿ ನಿಮಗೇ ಬರ್ತವೆ. ತಮ್ಮನ ಮಗಳು ಸತ್ತಿದ್ದಾಳೆ ಅಂತ ಎರಡು ಸಾಲು ಬರೆದು ರುಜು ಹಾಕಿಕೊಡಿ. ಮಗಳು ಸಾಕಿದ ಕುರಿ ಅಪ್ಪನಿಗೆ ಬಂದಂಗಾಯ್ತು."

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಿಂಗಮ್ಮನ ಕುರಿ ಉಳಿಯುವುದಕ್ಕೆ ಇದಕ್ಕಿಂತ ನೇರ ದಾರಿ ಬೇರೆ ಕಾಣಲಿಲ್ಲ. ಭೀಮಣ್ಣ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡ. ಪೆನ್ನು ಹಿಡಿದ. ಒಂದಿಷ್ಟು ಓದು ಬರಹ ಬಲ್ಲವನೇ. ಉಜ್ಜಪ್ಪನ ಮಗಳು ಎಂದು ದಪ್ಪ ಅಕ್ಷರದಲ್ಲಿ ಬರೆದ. ಅಲ್ಲಿಗೆ ಕೈ ನಿಂತಿತು. ಪೆನ್ನು ಹಾಳೆಯ ಮೇಲೆ ಒಂದೇ ಕಡೆ ಊರಿ, ಶಾಯಿಯ ಬೊಟ್ಟು ದೊಡ್ಡದಾಗುತ್ತಾ ಹೋಯಿತು. ಬಹಳ ಹೊತ್ತಿನ ಮೇಲೆ ಅವನು ಹಾಳೆಯನ್ನು ಅವಳ ಕಡೆ ತಳ್ಳಿದ.

"ಇಲ್ಲ ಮಾರಾಯ್ತಿ. ಆಗಲ್ಲ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗ್ತದೆ. ಉಂಡು ತಿಂದು ಗಟ್ಟಿ ಇರೋಳನ್ನ ಸತ್ಲು ಅಂತ ನನ್ನ ಕೈಯಾರೆ ಹೆಂಗ್ ಬರ್ಕೊಡ್ಲಿ?"

"ಎಲ್ಲಿದಾಳೆ ಅಜ್ಜ?"

ಭೀಮಣ್ಣ ಒಳಮನೆಯ ಕಡೆ ನೋಡಿ ದನಿ ತಗ್ಗಿಸಿದ. "ಕುರಿ ಕಾಯ್ತಾ ಇದಾಳಲ್ಲ, ಅವಳೇ."

ದೀಪಶ್ರೀಗೆ ಇಷ್ಟು ದಿನ ಪ್ರಶ್ನೆ ಕೇಳುವುದೇ ರುಚಿಯಾಗಿತ್ತು. ಉತ್ತರ ಎದುರಿಗೆ ಬಂದು ನಿಂತಾಗ ಕೇಳಬಾರದಿತ್ತೇನೋ ಎನ್ನಿಸಿತು.

ಉಜ್ಜಪ್ಪ ಸತ್ತಾಗ ಭೀಮಣ್ಣನ ಹೆಂಡತಿಗೆ ಎರಡನೆಯ ಮಗ ಹುಟ್ಟಿ ಮೊಲೆ ಕುಡಿಯುತ್ತಿದ್ದ. ತಮ್ಮನ ಕೂಸನ್ನೂ ತಂದು ಇನ್ನೊಂದು ಎದೆಗೆ ಹಾಕಿಕೊಂಡಳು. ಅಧಿಕಾರಿಗಳು ಬಂದು ಹೆಸರು ಕೇಳಿದಾಗ ಹೆಸರಿಟ್ಟಿರಲಿಲ್ಲ. ಕೂಸಿದ್ದ ಮನೆಯಲ್ಲಿ ಕುರಿ ಇರಬಾರದೆಂದು ಕುರಿಯನ್ನು ಉಡುತಡಿ ಕಡೆ ಕೊಟ್ಟಿದ್ದ ಭೀಮಣ್ಣನ ಅಕ್ಕನ ಮನೆಗೆ ಕಳಿಸಿದರು. ಆಮೇಲೆ ಭೀಮಣ್ಣನೇ ನಿಂಗಮ್ಮ ಎಂದು ಕಿವಿಯಲ್ಲಿ ಹೆಸರು ಕೂಗಿ, ತನ್ನದೇ ಮಗಳೆಂದು ಬೆಳೆಸಿದ. ಹುಡುಗಿ ದೊಡ್ಡವಳಾದಳು. ಅಕ್ಕ ತನ್ನ ಮಗ ಮಾರಪ್ಪನಿಗೆ ಕೇಳಿದಳು. ಸೋದರತ್ತೆಯ ಮಗನಿಗೆ ಕೊಡುವುದು ಅವರಲ್ಲಿ ಊಟದಷ್ಟೇ ಸಹಜ. ಬೇರೆ ಬೇರೆ ಇರಲಿ ಎಂದು ಸರ್ಕಾರ ಕಟ್ಟಿದ ಕೂಸು, ಕುರಿ ಎರಡೂ ಒಂದೇ ಕೊಟ್ಟಿಗೆಗೆ ಬಂದು ಸೇರಿದವು.

"ನಮ್ಮಕ್ಕ ಕಿಲಾಡಿ. ಸರ್ಕಾರದ ಕುರಿ, ಪರದೇಸಿ ಕೂಸಿಂದು, ಮುಟ್ಟಿದ್ರೆ ಕೋಳ ಹಾಕ್ತಾರೆ ಅಂತ ಮಗನ್ನ ಹೆದರ್ಸಿ ಇಟ್ಟಿದ್ಲು. ನಿಂಗಮ್ಮಂದು ಅಂತ ಗೊತ್ತಾಗಿದ್ರೆ ಮಾರಪ್ಪ ಅವನ್ನೂ ಟ್ರ್ಯಾಕ್ಟರಿಗೆ ಹಾಕ್ತಿದ್ದ. ಕಾಲ ಬಂದಾಗ ನಾನೇ ಹೇಳ್ತೀನಿ ಅಂತಿದ್ಲು ಅಕ್ಕ. ಕಾಲ ಬರೋ ಹೊತ್ತಿಗೆ ಬಾಯಿ ಹೋಯ್ತು."

"ನೀವು ಹೇಳಬಹುದಿತ್ತಲ್ಲ ಅಜ್ಜ? ಕಚೇರಿಯಿಂದ ಕಾಗದ ಬಂದಿತ್ತಂತೆ."

"ಬಂದಿತ್ತು. ಒಲೆಗೆ ಹಾಕ್ದೆ." ಮುದುಕ ಬೆರಳು ಮಡಿಚಿ ಎಣಿಸಿದ. "ನಾಲ್ಕು ಮಕ್ಕಳು ನಂಗೆ. ಮೂರು ಗಂಡು ಏನಾದ್ರೂ ಬೇಕಾದಾಗ ಅಪ್ಪಾ ಅಂತಾವೆ. ಇದೊಂದು ಏನೂ ಬೇಡ್ದೇ ಇದ್ದಾಗ್ಲೂ ಫೋನ್ ಮಾಡಿ ಅಪ್ಪಾ ಅಂತದೆ. ಹೇಳಿದ್ರೆ ನಾನು ದೊಡ್ಡಪ್ಪ ಆಗೋಯ್ತೀನಿ. ನಾಳೆ ಅದರ ಬಾಯಲ್ಲಿ ದೊಡ್ಡಪ್ಪ ಅಂತ ಬಂದ್ಬಿಟ್ರೆ ನಾನು ಎಲ್ಲಿಗೆ ಹೋಗ್ಲಿ? ನೀವೇ ಹೇಳಿ ತಂಗಿ, ಇಪ್ಪತ್ತು ಕುರಿಗೆ ನಾನು ಅವಳನ್ನ ಪರದೇಸಿ ಮಾಡ್ಲಾ?"

ದೀಪಶ್ರೀ ಹಾಳೆಯನ್ನು ಮಡಿಚಿ ಚೀಲಕ್ಕೆ ಹಾಕಿದಳು. ತನಗೆ ತಿಳಿದದ್ದೇ ನಾಲ್ಕು ಮಾತು ಹೇಳಿದಳು. ಬುಧವಾರ ಹರಾಜು. ಅದಕ್ಕೆ ಮೊದಲು ವಾರಸುದಾರಳು ತಾನೇ ಎದುರಿಗೆ ನಿಲ್ಲಬೇಕು, ಅವಳ ಗುರುತು ಬಲ್ಲವರು ಹೇಳಿಕೆ ಕೊಡಬೇಕು. "ಇದು ಹೇಳೋದು ನಿಮಗೆ ಸೇರಿದ್ದು ಅಜ್ಜ. ನಾನು ಹೇಳಲ್ಲ. ಆದ್ರೆ ಅವರು ತಂಗಿ ಸಿಕ್ಕಳಾ ಅಂತ ದಾರಿ ಕಾಯ್ತಾ ಕೂತಿದಾರೆ. ಅದೂ ನಿಮಗೆ ಗೊತ್ತಿರಲಿ."

ಭೀಮಣ್ಣ ಹಗ್ಗ ಹೊಸೆಯುವುದಕ್ಕೆ ಶುರುಮಾಡಿದ. ಎಳೆ ಸೇರುತ್ತಿರಲಿಲ್ಲ.

ಆ ಮೇಲಿನ ದಿನಗಳಲ್ಲಿ ನಿಂಗಮ್ಮ ದಿನಾ ಫೋನ್ ಮಾಡಿದಳು. ದೀಪಶ್ರೀ ವಿಚಾರಿಸ್ತಿದೀನಿ ಎನ್ನುತ್ತಾ ಹೋದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ್ದರಿಂದ ಪ್ರತಿ ಸಲವೂ ಕಿವಿ ಬಿಸಿಯಾಗುತ್ತಿತ್ತು. ಸಿದ್ಧಲಿಂಗೇಶ್ ಕೇಳಿದಾಗ "ಇನ್ನೂ ಸ್ವಲ್ಪ ಕಾಯೋಣ ಸರ್" ಎಂದಳು. "ಮಾರ್ಚ್ ಕಾಯಲ್ಲಮ್ಮ" ಎಂದರು ಅವರು.

ಬುಧವಾರ ಕಚೇರಿಯ ಅಂಗಳದಲ್ಲಿ ಕುರಿಗಳು ಬಂದು ನಿಂತವು. ಬಂದ ಗಳಿಗೆಯಲ್ಲೇ ನೋಟಿಸ್ ಹಲಗೆಯ ಕೆಳಗಿನ ಹೂಕುಂಡವನ್ನು ಬೋಳಿಸಿದವು. ವ್ಯಾಪಾರಿಗಳು ಬೆನ್ನು ಹಿಚುಕಿ ತೂಕ ನೋಡುತ್ತಿದ್ದರು; ಹಿಚುಕಿದಾಗಲೆಲ್ಲ ನಿಂಗಮ್ಮ ಬೇರೆ ಕಡೆ ತಿರುಗುತ್ತಿದ್ದಳು. ಅವಳ ಕಂಕುಳಲ್ಲಿ ಆ ಕರಿ ಕಂಬಳಿ ಇತ್ತು. ಕೊನೆಗಳಿಗೆಯಲ್ಲಾದರೂ ತಂಗಿ ಬಂದರೆ ಬರಿಗೈಯಲ್ಲಿ ಇರಬಾರದೆಂದು ಹೊತ್ತು ತಂದಿದ್ದಳು. ಮಾರಪ್ಪ ಗೋಡೆಗೆ ಒರಗಿ, ಕುರಿಗೆ ಎಷ್ಟು ರೇಟು ಏರುತ್ತದೋ ಎಂದು ಪಕ್ಕದವನ ಜೊತೆ ಲೆಕ್ಕ ಹಾಕುತ್ತಿದ್ದ.

ದೀಪಶ್ರೀ ಗೇಟಿನ ಕಡೆಯೇ ನೋಡುತ್ತಿದ್ದಳು. ಸೊರಬದ ಬೆಳಗಿನ ಬಸ್ಸು ಬಂದು ಹೋಗಿ ಬಹಳ ಹೊತ್ತಾಗಿತ್ತು. ಹೇಳಿಬಿಡಲೇ ಎಂದು ಎರಡು ಸಲ ನಿಂಗಮ್ಮನ ಹತ್ತಿರ ಹೋಗಿ ಎರಡು ಸಲವೂ ಹಿಂದೆ ಬಂದಳು.

ಹರಾಜಿಗೆ ಮೊದಲು ವಾರಸುದಾರರನ್ನು ಮೂರು ಸಲ ಕೂಗಿ ಕರೆಯುವುದು ಆ ಕಚೇರಿಯ ಪದ್ಧತಿ. ಸಿದ್ಧಲಿಂಗೇಶ್ ಅಡಿಕೆ ಉಗಿದು ಬಂದು ಮೆಟ್ಟಿಲ ಮೇಲೆ ನಿಂತರು.

"ಉಜ್ಜಪ್ಪನ ಮಗಳು ಯಾರಾದ್ರೂ ಇದ್ದೀರಾ?"

ನಿಂಗಮ್ಮ ಗೇಟಿನ ಕಡೆ ಕತ್ತು ಚಾಚಿದಳು. ಗೇಟಿನಲ್ಲಿ ಒಬ್ಬ ಟೀ ಹುಡುಗ ನಿಂತಿದ್ದ.

"ಉಜ್ಜಪ್ಪನ ಮಗಳು ಇದ್ದೀರಾ?"

ಅಷ್ಟರಲ್ಲಿ ಒಂದು ಆಟೋ ಬಂದು ನಿಂತಿತು. ಭೀಮಣ್ಣ ಕೋಲೂರಿಕೊಂಡು ಇಳಿದ. ತಲೆಗೆ ಮಡಿ ರುಮಾಲು, ಮದುವೆಗೆ ಹೊರಟವನಂತೆ ಬಿಳಿ ಅಂಗಿ. ನಿಂಗಮ್ಮ "ಅಪ್ಪಾ!" ಎಂದು ಓಡಿದಳು. "ಬಂದ್ಯಾ? ಆಕಿ ಎಲ್ಲಿ? ಕರ್ಕಂಡು ಬಂದ್ಯಾ?" ಎಂದು ಆಟೋದ ಒಳಗೆ ಇಣುಕಿದಳು. ಆಟೋ ಖಾಲಿ.

"ಕೊನೆ ಸಲ. ಉಜ್ಜಪ್ಪನ ಮಗಳು ಇದ್ದೀರಾ?"

"ಇದಾಳೆ" ಎಂದ ಭೀಮಣ್ಣ.

ನಿಂಗಮ್ಮ ಸುತ್ತಲೂ ನೋಡಿದಳು, ವ್ಯಾಪಾರಿಗಳ ನಡುವೆ, ಗೇಟಿನ ಆಚೆ, ದೀಪಶ್ರೀಯ ಹಿಂದೆ. "ಎಲ್ಲಪ್ಪಾ? ಎಲ್ಲಿ ಅದಾಳೆ?"

ಭೀಮಣ್ಣ ಅವಳ ಎರಡು ಭುಜ ಹಿಡಿದ. "ಎಲ್ಲಿ ಹುಡುಕ್ತೀಯ ಮಗಾ? ನೀನೇ ಕಣವ್ವ ಅದು. ಉಜ್ಜ ನಿನ್ನ ಹಡ್ದ ಅಪ್ಪ. ಆ ಕೂಸು ನೀನೇ."

ಮಿಕ್ಕದ್ದನ್ನು ಅವನು ನೆಲ ನೋಡುತ್ತಾ ಹೇಳಿದ. ಎದೆಹಾಲಿನ ಕತೆ, ಅಕ್ಕನ ಕಿಲಾಡಿತನ, ಒಲೆಗೆ ಹಾಕಿದ ಕಾಗದ, ಎಲ್ಲವನ್ನೂ. ವ್ಯಾಪಾರಿಗಳು ಕೂಡ ಕುರಿಯ ಬೆನ್ನಿನಿಂದ ಕೈ ತೆಗೆದಿದ್ದರು. ಸಿದ್ಧಲಿಂಗೇಶ್ ಕನ್ನಡಕ ತೆಗೆದು ಒರೆಸಿ, "ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರು ಅಂತ ಕೇಳಿದ್ದೆ, ಇವತ್ತು ಕಣ್ಣಲ್ಲಿ ನೋಡಿದೆ. ದೀಪಶ್ರೀ, ಅಜ್ಜನ ಹೇಳಿಕೆ ಬರಕೋ. ಹರಾಜು ಇಲ್ಲ" ಎಂದರು. ಆಮೇಲೆ ತಮಗೇ ಎಂಬಂತೆ, "ಈ ವರ್ಷ ಕಳೆದ ವರ್ಷದಂತೆ ಅಂತ ಬರೆಯೋಕಾಗಲ್ಲ" ಎಂದು ಸೇರಿಸಿದರು.

ಮೊದಲು ಬಾಯಿ ಬಂದದ್ದು ಮಾರಪ್ಪನಿಗೆ. "ಅಂದ್ರೆ ಇವು ನಮ್ಮವೇನ್ರೀ?"

ನಿಂಗಮ್ಮ ತಿರುಗಿ ಗಂಡನನ್ನು ನೋಡಿದಳು. "ನಮ್ಮವಲ್ಲ. ನನ್ನವು."

ಯಾರೋ ಕಿಸಕ್ಕೆಂದರು. ನಿಂಗಮ್ಮ ನಗಲಿಲ್ಲ. ಕುರಿಗಳ ನಡುವೆ ಹೋಗಿ ಒಂದರ ಕಿವಿ ಹಿಡಿದು, ತಾನೇ ಹಾಕಿದ ಆ ಕಚ್ಚನ್ನು ಹೊಸದಾಗಿ ನೋಡುವಂತೆ ಹೆಬ್ಬೆರಳಿನಿಂದ ಸವರಿದಳು. ಭೀಮಣ್ಣ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು, ತೀರ್ಪಿಗೆ ಕಾದವನಂತೆ ನಿಂತಿದ್ದ. ಅವಳ ಬಾಯಿಂದ ಮುಂದಿನ ಮಾತು ಏನು ಬರುತ್ತದೋ ಎಂದು ದೀಪಶ್ರೀಯೂ ಪೆನ್ನು ಹಿಡಿದು ಕಾದಳು. ಅವಳ ಜೀವಮಾನದ ಕುತೂಹಲವೆಲ್ಲ ಅದೊಂದು ಮಾತಿನ ಮೇಲೆ ಬಂದು ನಿಂತಿತ್ತು.

"ಮೂವತ್ತು ವರ್ಷ ಅತ್ತೀನ್ರೀ ಮೇಡಮ್ಮೋರೆ ಆ ಕೂಸಿಗೆ" ಎಂದಳು ನಿಂಗಮ್ಮ, ಯಾರ ಕಡೆಯೂ ನೋಡದೆ. "ತಲಿಗೆ ಎಣ್ಣಿ ಹಚ್ಚೋರಿಲ್ಲ, ಹಬ್ಬಕ್ಕೆ ಕರೆಯೋರಿಲ್ಲ ಅಂತ. ನೋಡಿದ್ರೆ ಆ ಕೂಸಿಗೆ ಎಲ್ಲಾ ಇತ್ತು."

ಅವಳು ಕಂಕುಳಿನ ಕಂಬಳಿ ತೆಗೆದು ಕೊಡವಿದಳು. ಬೇವಿನ ಒಣ ಎಲೆಗಳು ಉದುರಿದವು. ಅದನ್ನು ಕಚೇರಿಯ ಮೆಟ್ಟಿಲ ಮೇಲೆ ಹಾಸಿ, ಮಡಿಕೆ ಸರಿಮಾಡಿ, ಮುದುಕನ ಕೈ ಹಿಡಿದು ಎಳೆದಳು.

"ಎಷ್ಟೊತ್ತು ಬಿಸಿಲಾಗ ನಿಲ್ತೀಯ? ಕೂತ್ಕ ಬಾ, ಅಪ್ಪಾ."